ಅಕ್ಕನ ಪಾಲಿನ ಸಾಲುಗಳು

ಟೇಲರಕ್ಕನಿಗೆ ಕೋಪ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡು ನಿಂತು, ಆಮೇಲೆ ಬಿಗಿಯಾಯಿತು ಎಂದು ಜಗಳಕ್ಕೆ ಬರುವ ಹೆಂಗಸರು, ನಾಳೆಗೇ ಬೇಕು ಎಂದು ಬಟ್ಟೆ ಬಿಸಾಡಿ ಹೋಗಿ ತಿಂಗಳುಗಟ್ಟಲೆ ಈ ಕಡೆ ತಲೆ ಹಾಕದವರು, ಗುಂಡಿ ಡಬ್ಬದ ಮುಚ್ಚಳ ತೆಗೆದು ಎಲ್ಲೋ ಇಟ್ಟು ಮರೆಯುವ ಗಂಡ, ಇಷ್ಟು ಸಾಕಿತ್ತು. ಆದರೆ ಇವೆಲ್ಲ ಬಂದು ಹೋಗುವ ಕೋಪಗಳು. ಬಂದದ್ದು ಹೋಗದೆ ಕಾಲು ಚಾಚಿ ಕೂತ ಕೋಪ ಒಂದೇ ಒಂದು. ಅದು ಹಾಡನ್ನು ಕಾಗದ ನೋಡಿಕೊಂಡು ಹಾಡುವವರ ಮೇಲಿನದು.

ಶನಿವಾರ ಸಂಜೆ ಅವಳ ಅಂಗಡಿಯಲ್ಲಿ ಹಾಡಿನ ಕೂಟ. ಕೂಟ ಎಂದರೆ ವೇದಿಕೆ, ಮೈಕು, ಹಾರ ತುರಾಯಿ ಎಂದೆಲ್ಲ ತಿಳಿಯಬೇಡಿ. ಎರಡು ಹೊಲಿಗೆ ಯಂತ್ರಗಳನ್ನು ಗೋಡೆಗೆ ತಳ್ಳುವುದು, ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಡುವುದು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ನಾಲ್ಕು ಜನ, ನೆಲದ ಮೇಲೆ ಉಳಿದವರು. ಬ್ಯಾಂಕಿನ ಕ್ಯಾಷಿಯರ್, ಔಷಧಿ ಅಂಗಡಿಯವರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಆಸ್ಪತ್ರೆಯ ನರ್ಸು, ಪಕ್ಕದ ಮನೆಯ ಕಿವುಡಜ್ಜಿ. ಹಿಂದಿನವರು ಬೀಸುವಾಗ, ನೀರು ಸೇದುವಾಗ, ಮಗು ಮಲಗಿಸುವಾಗ ಹಾಡುತ್ತಿದ್ದ ಹಾಡುಗಳನ್ನು ಸರದಿಯಲ್ಲಿ ಹಾಡುವುದು, ಏಳುವಾಗ ಬಟ್ಟೆಗಂಟಿದ ದಾರದ ತುಂಡುಗಳನ್ನು ಕಿತ್ತುಕೊಳ್ಳುತ್ತ ಮನೆಗೆ ಹೋಗುವುದು. ಇಷ್ಟೇ.

ಅಲ್ಲಿಗೊಂದು ಕಾನೂನಿತ್ತು. ಹಾಡು ಬಾಯಲ್ಲಿರಬೇಕು, ಕೈಯಲ್ಲಿರಬಾರದು. ಮರೆತರೆ ನಾಚಿಕೆಯೇನಿಲ್ಲ, ತೊಡೆಗೊಂದು ಪೆಟ್ಟು ಹಾಕಿಕೊಂಡರೆ ಸಾಕು, ಗೊತ್ತಿದ್ದವರು ಎತ್ತಿಕೊಳ್ಳುತ್ತಾರೆ. ಯಾರಿಗೂ ಗೊತ್ತಿಲ್ಲದಿದ್ದರೆ ನಕ್ಕು ಮುಂದಿನವರಿಗೆ ಬಿಡುವುದು. ಕಾನೂನು ಮಾಡಿದವಳೂ ಟೇಲರಕ್ಕ, ಕಾಯುವವಳೂ ಅವಳೇ, ಶಿಕ್ಷೆ ಕೊಡುವವಳೂ ಅವಳೇ.

ಅವಳಿಗೆ ಇದು ಬಂದದ್ದು ತಾಯಿಯಿಂದ. ತಾಯಿಯೂ ಹೊಲಿಗೆಯವಳೇ. ಕಾಲಲ್ಲಿ ತುಳಿಯುವ ಯಂತ್ರದ ಎಡಕ್ಕೆ ಮಗಳು, ಬಲಕ್ಕೆ ಮಗ, ಇಬ್ಬರೂ ನೆಲದ ಮೇಲೆ ಕೂತು ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದರು. ತುಳಿತದ ಲಯಕ್ಕೆ ತಾಯಿ ಒಂದೊಂದೇ ಸಾಲು ಹೇಳಿಕೊಡುತ್ತಿದ್ದಳು. ಬರೆದುಕೊಡಮ್ಮ ಎಂದು ಮಗಳು ಒಮ್ಮೆ ಕೇಳಿದ್ದಕ್ಕೆ, "ಬರೆಯೋಕೆ ಕೈ ಬೇಕು, ಓದೋಕೆ ಕಣ್ಣು ಬೇಕು. ಕೈ ಬಟ್ಟೆ ಮೇಲಿದೆ, ಕಣ್ಣು ಸೂಜಿ ಮೇಲಿದೆ. ಬಾಯೊಂದು ಖಾಲಿ ಇದೆ, ಅದರಲ್ಲಿ ಕಲಿ" ಅಂದಿದ್ದಳು. ಅಕ್ಕ ತಮ್ಮ ಇಬ್ಬರಿಗೂ ಸೇರಿ ಒಂದು ಉದ್ದನೆಯ ಹಾಡು ಕಲಿಸಿದ್ದಳು. ಹೊಳೆಯ ಈಚೆ ದಡದಲ್ಲಿ ನಿಂತ ಅಕ್ಕ ಆಚೆ ದಡದ ತಮ್ಮನನ್ನು ಪ್ರಶ್ನೆ ಕೇಳುತ್ತಾಳೆ, ಅವನು ಉತ್ತರ ಕೊಡುತ್ತಾನೆ. ಪ್ರಶ್ನೆಯೆಲ್ಲ ಮಗಳ ಪಾಲು, ಉತ್ತರವೆಲ್ಲ ಮಗನ ಪಾಲು. ತಾಯಿ ಹೋದ ಮೇಲೂ ಶನಿವಾರದ ಕೂಟ ಮುಗಿಯುತ್ತಿದ್ದದ್ದು ಆ ಹಾಡಿನಿಂದಲೇ. ಅಕ್ಕ ತಮ್ಮ ಎದುರುಬದುರು ಕೂತು ಹಾಡಿದರೆ ಕಿವುಡಜ್ಜಿಯೂ ಕಣ್ಣೊರೆಸಿಕೊಳ್ಳುತ್ತಿದ್ದಳು. ಏನು ಕೇಳಿಸಿತೋ ಅವಳಿಗೇ ಗೊತ್ತು.

ಹೀಗೆ ಚೆನ್ನಾಗಿ ನಡೆದುಕೊಂಡು ಹೋಗುತ್ತಿದ್ದ ಕೂಟಕ್ಕೆ ಮೊದಲು ಕಾಗದ ಬಂತು, ಅದರ ಬೆನ್ನಿಗೇ ಫೋನು ಬಂತು. ಕ್ಯಾಷಿಯರ್ ಫೋನು ಹಿಡಿದು ಹಾಡುತ್ತಿದ್ದ. ಹಾಡಿನ ನಡುವೆ ಪರದೆ ಆರಿಹೋಗುತ್ತಿತ್ತು. ಅವನು "ಓ... ಓ..." ಎಂದು ಒಂದೇ ಸ್ವರ ಎಳೆಯುತ್ತ ಬೆರಳಿಂದ ಪರದೆ ತಟ್ಟುತ್ತಿದ್ದ. ಉಳಿದವರು ಅದೂ ರಾಗವೇ ಎಂದುಕೊಂಡು ತಲೆದೂಗುತ್ತಿದ್ದರು. ಟೇಲರಕ್ಕನಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು.

ಔಷಧಿ ಅಂಗಡಿಯವರದ್ದು ಇನ್ನೂ ಒಂದು ಕೈ ಮೇಲೆ. ಮಗಳನ್ನು ಗಂಡನ ಮನೆಗೆ ಕಳಿಸುವ ದುಃಖದ ಹಾಡೊಂದನ್ನು ಯಾರಿಂದಲೋ ಬರೆಸಿಕೊಂಡು ಬಂದಿದ್ದರು. ಬರೆದವರು ಸಾಲುಗಳ ನಡುವೆ 'ಈ ಸಾಲು ಎರಡು ಸಲ' ಎಂದು ಗುರುತು ಹಾಕಿದ್ದರು. ಈ ಮಹಾನುಭಾವರು ಗಂಟಲು ತುಂಬಿ ಬಂದವರಂತೆ, "ಈ ಸಾಲು... ಎರಡು ಸಲಾ..." ಎಂದು ರಾಗವಾಗಿ ಹಾಡಿಯೇ ಬಿಟ್ಟರು. ಕೂಟಕ್ಕೆ ಕೂಟವೇ ಅದನ್ನು ಭಕ್ತಿಯಿಂದ ಎರಡು ಸಲ ಹಾಡಿತು. ಒಬ್ಬರಾದರೂ ಇದೇನು ಎಂದು ಕೇಳಲಿಲ್ಲ. ಟೇಲರಕ್ಕ ಎದ್ದು ಹೋಗಿ ಕಾಗದ ಕಿತ್ತುಕೊಂಡಳು.

"ಏನ್ ಹಾಡ್ತಿದ್ದೀವಿ ಅಂತ ಪರಿಜ್ಞಾನ ಬೇಡ್ವಾ ನಿಮಗೆ? ಔಷಧಿ ಚೀಟಿನೂ ಹೀಗೇ ಓದ್ತೀರಾ? ಪಾಪ, ನಿಮ್ಮ ಹತ್ರ ಮಾತ್ರೆ ತಗೊಳ್ಳೋರ ಗತಿ ಏನು?"

ಅವರು ಆಮೇಲೆ ಎರಡು ವಾರ ಬರಲಿಲ್ಲ. ಬಂದಾಗ ಬಾಯಿಪಾಠ ಮಾಡಿಕೊಂಡು ಬಂದಿದ್ದರು, ಅದೂ ಅರ್ಧಂಬರ್ಧ. ಇಷ್ಟಕ್ಕೇ ನಿಂತಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಆದರೆ ಮುಂದೆ ಕೈಯಿಟ್ಟವನು ಸ್ವಂತ ತಮ್ಮ.

ತಮ್ಮ ಬೋರ್ಡು ಬರೆಯುವವನು. ಅಂಗಡಿಗಳ ಹೆಸರು, ವಾಹನಗಳ ನಂಬರು, ಬಸ್ಸುಗಳ ಮೇಲೆ ಊರುಗಳ ಹೆಸರು. ಎಲ್ಲ ಕಡೆ ಅಚ್ಚು ಹಾಕಿದ ಪ್ಲಾಸ್ಟಿಕ್ ಬ್ಯಾನರುಗಳು ಬಂದು ಕೆಲಸ ಕಡಿಮೆಯಾಗಿದ್ದರೂ ಕೈ ಮಾತ್ರ ಹಾಗೇ ಇತ್ತು. ಅವನು ಬರೆದ ಅಕ್ಷರವನ್ನು ಜನ ಓದುವುದಕ್ಕಿಂತ ಹೆಚ್ಚಾಗಿ ನೋಡುತ್ತ ನಿಲ್ಲುತ್ತಿದ್ದರು. ಹೆಚ್ಚು ಮಾತಾಡುವವನಲ್ಲ. ಅಕ್ಕ ಹತ್ತು ಮಾತಾಡಿದರೆ ಅವನದ್ದು ಒಂದು, ಅದೂ ಅರ್ಧ ಗಂಟಲಲ್ಲೇ ಉಳಿಯುತ್ತಿತ್ತು. ನರ್ಸು ವಾರವಾರವೂ ಬಾಯಿ ಮುಚ್ಚಿಕೊಂಡು ಕೂತು ಎದ್ದು ಹೋಗುವುದನ್ನು ನೋಡಿ ಅವನಿಗೆ ಕಸಿವಿಸಿಯಾಗಿತ್ತು. ಯಾಕೆ ಹಾಡಲ್ಲ ಎಂದು ಕೇಳಿದ್ದಕ್ಕೆ ಅವಳು, ರಾತ್ರಿ ಪಾಳಿ ಮುಗಿಸಿ ಬಂದು ಬಾಯಿಪಾಠ ಮಾಡೋಕೆ ತಲೆ ಎಲ್ಲಿರುತ್ತೆ ಅಣ್ಣ, ಅಂದಿದ್ದಳಂತೆ. ಮುಂದಿನ ಶನಿವಾರ ಅವನು ಆಳೆತ್ತರದ ಹಲಗೆಯೊಂದನ್ನು ಹೊತ್ತುಕೊಂಡು ಬಂದ. ತೊಟ್ಟಿಲ ಹಾಡೊಂದನ್ನು ಮೊದಲಿಂದ ಕೊನೆಯವರೆಗೆ ಬಿಳಿ ಹಿನ್ನೆಲೆಯ ಮೇಲೆ ನೀಲಿ ಬಣ್ಣದಲ್ಲಿ ಬರೆದಿದ್ದ. ಹೊಲಿದ ಬಟ್ಟೆ ತೂಗುಹಾಕುವ ಮೊಳೆಗೆ ಅದನ್ನು ಸಿಕ್ಕಿಸಿದ.

ಎಲ್ಲರೂ ಹಾಡಿದರು. ತಲೆ ತಗ್ಗಿಸಿ ಫೋನಿನಲ್ಲಿ ಮುಳುಗದೆ, ತಲೆಯೆತ್ತಿ, ಒಟ್ಟಿಗೆ ಹಾಡಿದರು. ನರ್ಸು ಕೂಡ ಹಾಡಿದಳು, ಅವಳಿಗೆ ಅಷ್ಟು ಒಳ್ಳೆಯ ಗಂಟಲಿದೆ ಎಂದು ಅವತ್ತೇ ಗೊತ್ತಾದದ್ದು. ಅದನ್ನೆಲ್ಲ ನೋಡುವ ತಾಳ್ಮೆ ಯಾರಿಗಿತ್ತು? ಟೇಲರಕ್ಕ ಕತ್ತರಿ ಹಿಡಿದೇ ಎದ್ದು ನಿಂತಳು.

"ಯಾರನ್ನ ಕೇಳಿ ಇದನ್ನ ನೇತು ಹಾಕ್ದೆ?"

"ಎಲ್ಲರೂ ಹಾಡ್ಲಿ ಅಂತ..."

"ಅಮ್ಮ ಬಾಯಲ್ಲಿ ಕೊಟ್ಟಿದ್ದನ್ನ ತಂದು ಗೋಡೆಗೆ ಬಳಿದ್ಯಲ್ಲೋ! ಸೋಪಿನ ಜಾಹೀರಾತಾ ಇದು? ನಿನ್ನ ತಲೇಲಿ ಬಣ್ಣ ಬಿಟ್ರೆ ಬೇರೆ ಏನಾದ್ರೂ ಉಳಿದಿದೆಯಾ? ಅಮ್ಮ ಇದ್ದಿದ್ರೆ ನಾಚಿಕೆಯಿಂದ ತಲೆ ತಗ್ಗಿಸ್ತಿದ್ಲು."

ಅಷ್ಟು ಜನರ ಮುಂದೆ. ಯಾರೋ ಕೆಮ್ಮಿದರು. ತಮ್ಮ ಮೊಳೆಯಿಂದ ಹಲಗೆ ಬಿಡಿಸಿದ, ಕಂಕುಳಲ್ಲಿ ಸಿಕ್ಕಿಸಿಕೊಂಡ, ಚಪ್ಪಲಿ ಹಾಕಿಕೊಂಡು ಹೋದ. ಅವತ್ತು ಹೊಳೆಯ ಹಾಡಿಲ್ಲದೆ ಕೂಟ ಮುಗಿಯಿತು.

ಬಂದೇ ಬರುತ್ತಾನೆ, ಎಲ್ಲಿಗೆ ಹೋಗುತ್ತಾನೆ ಎಂದುಕೊಂಡಿದ್ದಳು. ಬರಲಿಲ್ಲ. ಬದಲಿಗೆ, ಎರಡು ಬೀದಿ ಆಚೆ ಅವನ ಬಣ್ಣದ ಅಂಗಡಿಯಲ್ಲಿ ಶನಿವಾರ ಸಂಜೆಯೇ ಹಾಡು ಶುರುವಾಯಿತು. ವಾರಕ್ಕೊಂದು ಹೊಸ ಹಲಗೆಯಂತೆ. ಮೊದಲು ನರ್ಸು ಹೋದಳು. ಆಮೇಲೆ ಕ್ಯಾಷಿಯರ್‌ಗೆ ಶನಿವಾರ ಬಂದರೆ ತಲೆನೋವು ಬರತೊಡಗಿತು. ಔಷಧಿ ಅಂಗಡಿಯವರಿಗೆ ಕೆಮ್ಮಂತೆ, ಔಷಧಿ ಅಂಗಡಿ ಇಟ್ಟುಕೊಂಡವರಿಗೆ ವಾಸಿಯಾಗದ ಕೆಮ್ಮು! ಡ್ರಾಯಿಂಗ್ ಮೇಷ್ಟ್ರು ಸುಳ್ಳು ಹೇಳಲಾರದೆ, "ಅಲ್ಲಿ ಮರೆತುಹೋಗುತ್ತೆ ಅನ್ನೋ ಭಯ ಇಲ್ಲಮ್ಮ, ನನಗೂ ವಯಸ್ಸಾಯ್ತು" ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದರು. ಕೊನೆಗೆ ಉಳಿದವರು ಕಿವುಡಜ್ಜಿ ಮತ್ತು ಗಂಡ. ಅಜ್ಜಿಗೆ ಹಾಡು ಮುಗಿದದ್ದು ಗೊತ್ತಾಗುತ್ತಿರಲಿಲ್ಲ, ಗಂಡನಿಗೆ ಶುರುವಾದದ್ದು ಗೊತ್ತಾಗುತ್ತಿರಲಿಲ್ಲ. ಅಷ್ಟರಲ್ಲಿ ಅವನು ಗೊರಕೆ ಹೊಡೆಯುತ್ತಿದ್ದ.

"ಹೋಗಿ ಕರ್ಕೊಂಡು ಬಾ ಅವನನ್ನ. ಎರಡು ಬೀದಿ ಅಷ್ಟೇ" ಎಂದ ಗಂಡ ಒಮ್ಮೆ.

"ನಾನ್ಯಾಕೆ ಹೋಗ್ಲಿ? ತಪ್ಪು ಮಾಡಿದವನು ಅವನು. ನೋಡ್ಕೊಂಡು ಹಾಡೋದೂ ಒಂದು ಹಾಡಾ?"

"ನಿನಗೆ ಹಾಡಿಗಿಂತ ಬೈಯೋದು ಚೆನ್ನಾಗಿ ಬಾಯಿಪಾಠ ಆಗಿದೆ. ಒಂದು ಅಕ್ಷರ ತಪ್ಪಲ್ಲ ನೋಡು."

ಅವನಿಗೆ ಆ ದಿನ ಊಟ ಬಡಿಸುವಾಗ ಪಾತ್ರೆಗಳು ಜೋರಾಗಿ ಸದ್ದು ಮಾಡಿದವು. ಆದರೆ ನಿಜ ಹೇಳಬೇಕೆಂದರೆ, ಒಳಗೊಳಗೇ ಅವಳಿಗೆ ಸಂಕಟವಿತ್ತು. ಇದ್ದವನು ಒಬ್ಬ ತಮ್ಮ. ಬೀದಿಯಲ್ಲಿ ಎದುರಾದರೆ ಅವನು ನಿಲ್ಲಲೋ ಬೇಡವೋ ಎಂದು ತಡವರಿಸುತ್ತಿದ್ದ, ಇವಳು ಆ ತಡವರಿಕೆ ಮುಗಿಯುವಷ್ಟರಲ್ಲಿ ದಾಟಿ ಹೋಗಿರುತ್ತಿದ್ದಳು. ಮನೆಗೆ ಬಂದು ತನ್ನ ಮೇಲೆ ತಾನೇ ಸಿಡಿಮಿಡಿಗೊಳ್ಳುತ್ತಿದ್ದಳು.

ಹೀಗಿರುವಾಗ ಟೇಲರಕ್ಕನ ಮಗಳು ರಜೆ ಹಾಕಿ ಬಂದಳು. ಬೇರೆ ಊರಿನ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಅವಳದ್ದು. ಬಂದ ದಿನವೇ, "ಅಮ್ಮ, ಆ ಹೊಳೆ ಹಾಡು ಕಲಿಸಿಕೊಡು. ಅಜ್ಜಿ ನಿನಗೆ ಕಲಿಸಿದ ಹಾಗೇ, ಬಾಯಲ್ಲೇ. ಈ ಸಲ ಕಲಿತೇ ಹೋಗ್ತೀನಿ" ಎಂದಳು. ಟೇಲರಕ್ಕನಿಗೆ ಆಕಾಶಕ್ಕೆ ಮೂರೇ ಗೇಣು. ನಡು ಮಧ್ಯಾಹ್ನ ಅಂಗಡಿಯ ಬಾಗಿಲು ಎಳೆದಳು. ಮಗಳ ಫೋನನ್ನು ಕಸಿದು ದಾರದುಂಡೆಗಳ ಡ್ರಾಯರಿಗೆ ಹಾಕಿದಳು. ಯಂತ್ರದ ಮುಂದೆ ಕೂತು, ಸೂಜಿಗೆ ದಾರವಿಲ್ಲದೆ ಸುಮ್ಮನೆ ತುಳಿಯುತ್ತ ಹೇಳಿಕೊಡತೊಡಗಿದಳು. ಕಾಲು ಆಡದಿದ್ದರೆ ಅವಳಿಗೆ ಸಾಲು ಬರುತ್ತಿರಲಿಲ್ಲ.

ಮಗಳು ಚುರುಕು. ಮರುದಿನ ಊಟದ ಹೊತ್ತಿಗೆ ಅಕ್ಕನ ಸಾಲುಗಳಷ್ಟೂ ಅವಳ ಬಾಯಿಗೆ ಬಂದಿದ್ದವು.

*ಆಚೆಯ ದಡದಲ್ಲಿ ನಿಂತೋನೆ ತಮ್ಮಯ್ಯ,*
*ಕೂಗಿದರೂ ಯಾಕೋ ಓ ಅನ್ನಲಿಲ್ಲ?*

*ತೂತು ದೋಣಿಯ ಹತ್ತಿ ತುಂಬು ಹೊಳೆ ದಾಟುವೆಯಾ,*
*ಯಾರನ್ನು ನಂಬಿಕೊಂಡು ಹೊರಟೆಯೋ?*

*ದಡ ಸೇರಿದ ಮೇಲೆ ದಾರಿ ಬೇರಾದರೆ*
*ಯಾರನ್ನು ಕೂಗಲೋ ತಮ್ಮಯ್ಯ?*

"ಭೇಷ್! ನನ್ನ ಮಗಳು!" ಎಂದು ಟೇಲರಕ್ಕ ಬೆನ್ನು ತಟ್ಟಿದಳು.

"ಆಯ್ತು, ಈಗ ಮಾವನ ಪಾಲು ಹೇಳು."

ಟೇಲರಕ್ಕ ಯಂತ್ರ ತುಳಿದಳು. ಬಾಯಿ ತೆರೆದಳು. ರಾಗ ಬಂತು, "ಊಂ... ಊಂ..." ಎಂದು. ಕೊನೆಗೆ 'ನನ್ನಕ್ಕ' ಎಂಬ ಒಂದು ಪದ ಬಂತು. ನಡುವೆ ಏನೂ ಇರಲಿಲ್ಲ. ಮತ್ತೆ ಪ್ರಶ್ನೆ ಹಾಡಿ, ಆ ಓಟದಲ್ಲೇ ಉತ್ತರಕ್ಕೆ ನೆಗೆಯಲು ನೋಡಿದಳು. ಪ್ರಶ್ನೆ ಮುಗಿದ ಕೂಡಲೇ ಬಾಯಿ ಮುಂದಿನ ಪ್ರಶ್ನೆಗೇ ಹೋಗಿ ನಿಲ್ಲುತ್ತಿತ್ತು.

"ಅದು... ಅದನ್ನ ಅವನು ಹಾಡೋದು."

"ಅಂದ್ರೆ ನಿನಗೆ ಗೊತ್ತಿಲ್ವಾ?"

"ಗೊತ್ತಿಲ್ದೆ ಏನು! ಎಷ್ಟು ವರ್ಷ ಹಾಡಿದ್ದೀನಿ!"

"ಹಾಗಾದ್ರೆ ಹೇಳು."

ಹೇಳಲಾಗಲಿಲ್ಲ. ನೋಡಿ ಈ ಹೆಂಗಸನ್ನು. ಊರವರ ಕೈಯಿಂದ ಕಾಗದ ಕಿತ್ತುಕೊಂಡವಳಿಗೆ, ಬಾಯಿಪಾಠ ಬಾಯಿಪಾಠ ಎಂದು ಬಾಯಿ ಬಡಿದುಕೊಂಡವಳಿಗೆ, ತನ್ನದೇ ಮನೆಯ ಹಾಡು ಅರ್ಧವೇ ಗೊತ್ತಿತ್ತು. ಉಳಿದರ್ಧ ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ.

"ಮಾವ ಹಾಡುವಾಗ ನೀನೇನ್ ಮಾಡ್ತಿದ್ದೆ?"

"ನನ್ನ ಮುಂದಿನ ಸಾಲು ತಪ್ಪಬಾರ್ದು ಅಂತ ಮನಸ್ಸಲ್ಲೇ ಹೇಳ್ಕೊಳ್ತಿದ್ದೆ ಕಣೇ. ಮತ್ತೇನು ಮಾಡ್ಬೇಕಿತ್ತು?" ಎಂದು ಟೇಲರಕ್ಕ ರೇಗಿದಳು. ಮಗಳ ಮೇಲೆ ರೇಗಿದ್ದೋ ಯಾರ ಮೇಲೋ.

"ಬರೀ ಪ್ರಶ್ನೆ ಕಲ್ತು ನಾನೇನ್ ಮಾಡ್ಲಿ? ಪೊಲೀಸ್ ವಿಚಾರಣೆ ಥರ ಇದೆ ಇದು. ಬಿಡು, ಮಾವನ ಅಂಗಡೀಲಿ ಬೋರ್ಡ್ ಇರುತ್ತಲ್ಲ, ಹೋಗಿ ಫೋಟೋ ತೆಕ್ಕೊಂಡು ಬರ್ತೀನಿ. ನಾಳೆ ನಾನು ಹೊರಡ್ಬೇಕು."

"ಫೋಟೋ ಅಂತೆ ಫೋಟೋ!" ಎಂದು ಟೇಲರಕ್ಕ ಎದ್ದಳು. ಕತ್ತಿನಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಮಗಳು ಡ್ರಾಯರಿನಿಂದ ಫೋನು ತೆಗೆದುಕೊಳ್ಳುವಷ್ಟರಲ್ಲಿ ಅವಳು ಬೀದಿಯಲ್ಲಿದ್ದಳು.

ಬಣ್ಣದ ಅಂಗಡಿಯ ಬಾಗಿಲಲ್ಲೇ ಟರ್ಪೆಂಟೈನ್ ವಾಸನೆ ಮೂಗಿಗೆ ಹೊಡೆಯಿತು. ಗೋಡೆಗೊರಗಿಸಿ ಹಾಡಿನ ಹಲಗೆಗಳು, ಒಂದರ ಹಿಂದೆ ಒಂದು. ತಮ್ಮ ನೆಲದ ಮೇಲೆ ಮಂಡಿಯೂರಿ ಯಾವುದೋ ಬಸ್ಸಿನ ಬೋರ್ಡು ಬರೆಯುತ್ತಿದ್ದ. ಅಕ್ಕನನ್ನು ನೋಡಿದ. ಆದರೆ ಕುಂಚ ಅಕ್ಷರದ ನಡುವೆ ಇತ್ತು, ನಡುವೆ ಎತ್ತುವಂತಿಲ್ಲ. ಸುತ್ತು ಮುಗಿಸಿ, ಬಾಲ ಎಳೆದು, ಕುಂಚ ಡಬ್ಬಕ್ಕಿಟ್ಟು ಎದ್ದು ನಿಲ್ಲುವವರೆಗೆ ಟೇಲರಕ್ಕ ಹಲ್ಲು ಕಚ್ಚಿಕೊಂಡು ಕಾದಳು. ಮಗಳು ಏದುಸಿರು ಬಿಡುತ್ತ ಬಂದು ಬಣ್ಣದ ಡಬ್ಬವೊಂದನ್ನು ಬೋರಲು ಹಾಕಿ ಕೂತಳು.

"ಬಾ ಅಕ್ಕ" ಎಂದ ತಮ್ಮ.

"ಬರೋಕೆ ಬಂದಿಲ್ಲ. ಇವಳಿಗೆ ಹೊಳೆ ಹಾಡು ಬೇಕಂತೆ. ನಿನ್ನ ಸಾಲು ಬೇಕು. ಬೋರ್ಡ್ ಮೇಲೆ ಬರೆದಿರ್ತೀಯಲ್ಲ, ತೋರಿಸು" ಎಂದಳು. ಆ ಕೊನೆಯ ಮಾತನ್ನು ಬೀದಿಯ ಕಡೆ ಮುಖ ತಿರುಗಿಸಿ ಹೇಳಿದಳು.

"ಅದೊಂದನ್ನ ಬರೆದಿಲ್ಲಕ್ಕ."

"ಯಾಕೆ? ಊರಿನ ಹಾಡೆಲ್ಲ ಬರೆದು ಗುಡ್ಡೆ ಹಾಕಿದ್ದೀಯ!"

"ಬರೆದು ಏನ್ ಮಾಡ್ಲಿ? ಇಲ್ಲಿ ಅಕ್ಕನ ಸಾಲು ಹಾಡೋರು ಯಾರಿದ್ದಾರೆ?"

ಟೇಲರಕ್ಕ ಕತ್ತಿನ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಸರಿ, ಬಾಯಲ್ಲೇ ಹೇಳು ಹಾಗಾದ್ರೆ" ಎಂದಳು.

ಅವನು ಬಾಯಿ ತೆರೆದ, ಮುಚ್ಚಿದ. "ಬರೀ ಉತ್ತರ ಹಾಗೆ ಬರಲ್ಲ ಕಣಕ್ಕ. ನೀನು ಕೇಳು, ಬರುತ್ತೆ."

"ನಿನ್ನ ಕಾಲದಲ್ಲಿ ನನಗೆ ಸಾಕಾಯ್ತು" ಎಂದು ಗೊಣಗುತ್ತ ಟೇಲರಕ್ಕ ಹಲಗೆಗಳ ಪಕ್ಕದ ಬೆಂಚಿನ ಮೇಲೆ ಕೂತಳು. ಬಲಗಾಲು ತಾನಾಗಿಯೇ ನೆಲ ತುಳಿಯತೊಡಗಿತು. ಮೊದಲ ಪ್ರಶ್ನೆ ಎತ್ತಿದಳು. ಅವನು ಎದುರಿಗೆ ಕೂತು, ಬಣ್ಣವಾದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಹಾಡಿದ:

*ಕೂಗಿದ್ದು ಕೇಳಿಸಿತು, ಕತ್ತಲಲಿ ಮುಖ ಕಾಣೆ,*
*ದೀಪ ಎತ್ತಿ ಹಿಡಿಯೇ ನನ್ನಕ್ಕ.*

ಮಗಳಿಗಾಗಿ ಸಾಲು ಹಿಡಿದಿಟ್ಟುಕೊಳ್ಳಬೇಕಲ್ಲ, ಹಾಗಾಗಿ ಟೇಲರಕ್ಕ ಈ ಸಲ ಕಿವಿಗೊಟ್ಟಳು. ಒಂದಾದ ಮೇಲೊಂದು ಪ್ರಶ್ನೆ, ಒಂದಾದ ಮೇಲೊಂದು ಉತ್ತರ. ಅವನ ಗಂಟಲು ಮೊದಲಿಗಿಂತ ಒರಟಾಗಿತ್ತು. ಬಣ್ಣದ ಘಾಟು ಕುಡಿದೂ ಕುಡಿದೂ ಹೀಗಾಗಿದೆ, ಡಾಕ್ಟರಿಗೆ ತೋರಿಸು ಎಂದು ಹೇಳುವವರು ಯಾರೂ ಇಲ್ಲ ಇವನಿಗೆ ಎಂದು ಹಾಡುತ್ತಲೇ ಸಿಟ್ಟಾದಳು. ತೂತು ದೋಣಿಯ ಪ್ರಶ್ನೆ ಬಂತು. ಯಾರನ್ನು ನಂಬಿಕೊಂಡು ಹೊರಟೆಯೋ ಎಂದು ಕೇಳಿದಳು. ಅವನು ಹಾಡಿದ:

*ತೂತಿಗೆ ಹರಕು ಚಿಂದಿ ತುರುಕಿದೆ ನನ್ನಕ್ಕ,*
*ನೀನೇ ಬೈಯುತ್ತ ಕೊಟ್ಟ ಚಿಂದಿ.*

ಮುಂದೆ ಕೊನೆಯ ಪ್ರಶ್ನೆ. ಟೇಲರಕ್ಕನ ಕಾಲು ನಿಂತಿತ್ತು. ಬಾಯಿ ತೆರೆದೇ ಇತ್ತು, ಸಾಲು ಬರಲಿಲ್ಲ. ನೆನ್ನೆ ಮಗಳಿಗೆ ಹೇಳಿಕೊಟ್ಟ ಸಾಲು, ತಾಯಿಯ ಕಾಲ ಬಳಿ ಕೂತು ಕಲಿತ ಸಾಲು, ಹಾಡಿದ ಯಾವ ಶನಿವಾರವೂ ತಪ್ಪದ ಸಾಲು. ಎಲ್ಲಿ ಹೋಯಿತೋ ಏನೋ. ತನ್ನ ತೊಡೆಗೆ ತಾನೇ ಒಂದು ಪೆಟ್ಟು ಹಾಕಿಕೊಂಡಳು.

ಮಗಳು ಹೇಳಿಕೊಡಲು ಬಾಯಿ ತೆರೆದಳು. ಅವಳಿಗಿಂತ ಮೊದಲು ತಮ್ಮನೇ ಎತ್ತಿಕೊಂಡ. 'ದಡ ಸೇರಿದ ಮೇಲೆ ದಾರಿ ಬೇರಾದರೆ' ಎಂದು ಅಕ್ಕನ ಪ್ರಶ್ನೆಯನ್ನು ಅಕ್ಕನ ಧಾಟಿಯಲ್ಲೇ, ಒಂದು ಅಕ್ಷರ ತಪ್ಪದೆ ಹಾಡಿದ. ಅವಳ ಪಾಲು ಅವನಿಗೆ ಪೂರ್ತಿ ಬರುತ್ತಿತ್ತು. ಆಮೇಲೆ ಉತ್ತರವನ್ನೂ ಅವನೇ ಹಾಡಿದ:

*ದಾರಿ ಬೇರಾದರೂ ಹೊಳೆಯೊಂದೆ ನನ್ನಕ್ಕ,*
*ನೀ ನಿಂತ ದಡವೇ ನನ್ನ ಊರು.*

ಟೇಲರಕ್ಕನ ಕಣ್ಣಲ್ಲಿ ನೀರಾಡಿತು. ಅದಕ್ಕೂ ಅವಳಿಗೆ ಕೋಪವೇ ಬಂತು. ಅಳತೆ ಟೇಪಿನ ತುದಿಯಿಂದ ಮೂಗೊರೆಸಿಕೊಂಡು, "ಇದರಲ್ಲಿ ಇಂಥಾ ಮಾತಿದೆ ಅಂತ ನನಗೆ ಇಷ್ಟು ವರ್ಷ ಯಾಕೋ ಹೇಳಲಿಲ್ಲ, ಪಾಪಿ?" ಎಂದು ಗದರಿದಳು.

ತಮ್ಮ ಕೈಗಂಟಿದ ನೀಲಿ ಬಣ್ಣವನ್ನು ಉಗುರಿನಿಂದ ಕೆರೆಯುತ್ತ ಮೆಲ್ಲಗೆ ಹೇಳಿದ:

"ಪ್ರತಿ ಶನಿವಾರ ನಿನ್ನ ಎದುರಿಗೇ ಕೂತು ಹಾಡ್ತಿದ್ನಲ್ಲಕ್ಕಾ."